ಮನುಷ್ಯ ಎದ್ದು ನಿಂತ ಕಾರಣ

ಶಲವಡಿಯ ಈರಬಸಪ್ಪನಿಗೆ ಮೂರು ವರ್ಷದಿಂದ ಒಂದು ಬೇನೆಯಿತ್ತು. ಅದನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ. ಹಲ್ಲು ನೋವಾದರೆ ಗಲ್ಲಕ್ಕೆ ವಸ್ತ್ರ ಕಟ್ಟಿಕೊಂಡು ಊರೆಲ್ಲ ತಿರುಗಬಹುದು. ಮೊಣಕಾಲು ನೋವಾದರೆ ಕಟ್ಟೆಯ ಮೇಲೆ ಕೂತು ಹತ್ತು ಮಂದಿಗೆ ತೋರಿಸಿ ಹನ್ನೊಂದು ಔಷಧ ಕೇಳಿಕೊಂಡು ಬರಬಹುದು. ಜ್ವರಕ್ಕೂ ಕೆಮ್ಮಿಗೂ ಲೋಕದಲ್ಲಿ ಒಂದು ಮರ್ಯಾದೆಯಿದೆ. ಈ ಬೇನೆಯನ್ನು ತೋರಿಸುವುದಿರಲಿ, ಅದು ಎಲ್ಲಿದೆ ಎಂದು ಬೆರಳು ಮಾಡುವುದಕ್ಕೂ ಬರುವುದಿಲ್ಲ. ಓದಿದವರು ಇದನ್ನು ಮೂಲವ್ಯಾಧಿ ಎನ್ನುತ್ತಾರೆ. ಉಳಿದ ಮಂದಿ ಬರೀ ಮೂಲ ಎನ್ನುತ್ತಾರೆ, ಅದನ್ನೂ ಬಾಯಿಗೆ ಕೈ ಅಡ್ಡ ಹಿಡಿದು ಎನ್ನುತ್ತಾರೆ.

ಈರಬಸಪ್ಪ ಹಾಗೆ ನೋಡಿದರೆ ನಾಲ್ಕು ಮಂದಿಯಲ್ಲಿ ಬೇಕಾದವನೇ. ಎಂಟೆಕರೆ ಎರೆ ಹೊಲ, ಒಂದು ಜೊತೆ ಎತ್ತು, ಇಸ್ಮಾಯಿಲಸಾಬನ ಮಿರ್ಚಿ ಭಜಿ ಅಂಗಡಿಯಲ್ಲಿ ದಿನಾ ಮುಂಜಾನೆ ಪೇಪರು ಓದಿ ಹೇಳುವ ಅಭ್ಯಾಸ. ತಿಳಿದದ್ದನ್ನೂ ತಿಳಿಯದ್ದನ್ನೂ ಒಂದೇ ದನಿಯಲ್ಲಿ ಓದುತ್ತಿದ್ದುದರಿಂದ ಮಂದಿಗೆ ಅವನ ಮೇಲೆ ಭಕ್ತಿಯಿತ್ತು. ಮಗಳು ಸುಶೀಲವ್ವನನ್ನು ಸಂಶಿಯ ಶಂಭುಲಿಂಗಪ್ಪನವರ ಮನೆಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಈ ಶಂಭುಲಿಂಗಪ್ಪನವರು ಮಠದಲ್ಲಿ ಪ್ರವಚನ ಹೇಳುವವರು. ಹಣೆ ತುಂಬ ವಿಭೂತಿ, ಮಡಿಕೆ ಕೆಡದ ಧೋತರ, ತೂಗಿ ಆಡುವ ಮಾತು. ಅವರೆದುರಿಗೆ ಸೀನು ಬಂದರೂ ಈರಬಸಪ್ಪ ಎದ್ದು ಹೊರಗೆ ಹೋಗಿ ಸೀನಿ ಬರುತ್ತಿದ್ದ. ಅಂಥ ಬೀಗರಿಗೆ ತನ್ನ ಬೇನೆ ಗೊತ್ತಾದರೆ ಮಗಳು ಆ ಮನೆಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ಬೇನೆಗಿಂತ ಈ ಚಿಂತೆಯೇ ಅವನನ್ನು ಹೆಚ್ಚು ಕೂಡಗೊಡುತ್ತಿರಲಿಲ್ಲ.

ಹಾಗಾಗಿ ಹೆಂಡತಿ ಕಸ್ತೂರೆವ್ವನಿಗೂ ಅವನು ಹೇಳಿರಲಿಲ್ಲ. ಹದಿನೈದು ದಿನಕ್ಕೊಮ್ಮೆ "ಹತ್ತಿ ರೇಟು ಕೇಳಿ ಬರತೇನಿ" ಎಂದು ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದ. ಹೊಲದಲ್ಲಿ ಜೋಳ ಇದ್ದಾಗಲೂ ಹತ್ತಿ ರೇಟೇ ಕೇಳಲು ಹೋಗುತ್ತಿದ್ದ. ಹುಬ್ಬಳ್ಳಿಯ ಒಂದು ಸಂದಿಯೊಳಗೆ ಒಬ್ಬ ಡಾಕ್ಟರಿದ್ದ. ಒಳ್ಳೆಯ ಮನುಷ್ಯ, ಒಳ್ಳೆಯ ಮುಲಾಮು. ಅವನ ತಪ್ಪು ಒಂದೇ. ಗೋಡೆಯ ಮೇಲೆ ಆಳೆತ್ತರಕ್ಕೆ ಕೆಂಪು ಬಣ್ಣದಲ್ಲಿ, ದೂರದಿಂದ ಹೋಗುವವರಿಗೂ ಕಾಣುವಂತೆ, ಮೂಲವ್ಯಾಧಿ ಎಂದು ಬರೆಸಿದ್ದ.

ಒಂದು ದಿನ ಈರಬಸಪ್ಪ ಮುಲಾಮಿನ ಡಬ್ಬಿ ಬಗಲಲ್ಲಿ ಇಟ್ಟುಕೊಂಡು ಹೊರಗೆ ಬಂದರೆ, ಆ ಗೋಡೆಯ ಮುಂದೆ ಮುದಕಪ್ಪ ನಿಂತಿದ್ದ. ಮುದಕಪ್ಪ ಅದೇ ಶಲವಡಿಯವ, ಕುರಿ ಕಾಯುವವ. ಉಣ್ಣೆ ಕತ್ತರಿಗೆ ಸಾಣೆ ಹಿಡಿಸಲು ಬಂದಿದ್ದ. ಅವನು ವಯಸ್ಕರ ಶಾಲೆಯಲ್ಲಿ ಅಕ್ಷರ ಕಲಿತು ಆರು ತಿಂಗಳಾಗಿತ್ತು. ಕಲಿತಂದಿನಿಂದ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದದೆ ಬಿಡುತ್ತಿರಲಿಲ್ಲ.

"ಮೂ... ಲ..." ಎಂದು ಮುದಕಪ್ಪ ಓದುತ್ತಿದ್ದ. ಮುಂದಿನದು ಒತ್ತಕ್ಷರ. ಒತ್ತಕ್ಷರ ಬಂದರೆ ಮುದಕಪ್ಪ ಸ್ವಲ್ಪ ನಿಂತು ಉಸಿರು ತಗೊಳ್ಳುತ್ತಿದ್ದ. ಆ ಒಂದು ಉಸಿರಿನ ಹೊತ್ತಿನಲ್ಲಿ ಈರಬಸಪ್ಪ ಓಡಿಹೋಗಿ ಉಳಿದ ಎರಡು ಅಕ್ಷರಗಳಿಗೆ ಬೆನ್ನು ಕೊಟ್ಟು ನಿಂತ.

"ಕಾಕಾ, ನೀವಿಲ್ಲಿ?" ಎಂದ ಮುದಕಪ್ಪ. "ಇಲ್ಲೆ ಮೂಲಾ ಅಂತ ಬರದೈತಲ್ರಿ."

ಈರಬಸಪ್ಪನ ಜೀವ ಬಾಯಿಗೆ ಬಂತು. ಹಿಂದಿನ ವಾರದ ಪೇಪರಿನಲ್ಲಿ ಒಂದು ಲೇಖನ ಬಂದಿತ್ತು. ಅದನ್ನು ಅವನೇ ಅಂಗಡಿಯಲ್ಲಿ ಒಂದಕ್ಷರವೂ ಅರ್ಥವಾಗದೆ ಓದಿ ಹೇಳಿದ್ದ. ಅದರ ತಲೆಬರಹ ಈಗ ತಾನಾಗಿ ನಾಲಿಗೆಗೆ ಬಂತು.

"ಹೌದಪಾ, ಮೂಲಾ. ಜೀವದ ಮೂಲಾ."

"ಅಂದ್ರ ಏನ್ರಿ?"

"ಅಂದ್ರ ಈ ಮನುಷ್ಯಾ, ಪ್ರಾಣಿ, ಪಕ್ಷಿ ಎಲ್ಲಾ ಮೊದಲ ಎಲ್ಲಿಂದ ಬಂದ್ವು ಅನ್ನೂ ವಿಚಾರ. ಒಳಗ ದೊಡ್ಡ ಪಂಡಿತರೊಬ್ರು ಅದಾರ. ಅವರ ಕೈಯಾಗ ನಾ ಅಭ್ಯಾಸ ಮಾಡಾಕ ಹತ್ತೇನಿ."

"ಎಷ್ಟ ದಿನಾ ಆತ್ರಿ?"

"ಮೂರ ವರ್ಷಾತು."

"ಇನ್ನೂ ಮುಗದಿಲ್ಲೇನ್ರಿ?"

"ಭಾಳ ಆಳಕ್ಕ ಹೋಗೇತಪಾ," ಎಂದ ಈರಬಸಪ್ಪ. ಅವನು ಆಡಿದ ಅಷ್ಟು ಮಾತಿನಲ್ಲಿ ಇದೊಂದೇ ಖರೆಯಾಗಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅರ್ಧ ಸೀಟು ಖಾಲಿಯಿದ್ದವು. ಮುದಕಪ್ಪ ಬಾಜು ಜಾಗ ಒರೆಸಿ "ಕುಂದರ್ರಿ ಕಾಕಾ" ಎಂದ. ಈರಬಸಪ್ಪ ಮೇಲಿನ ಸರಳು ಹಿಡಿದುಕೊಂಡು, "ಬ್ಯಾಡಪಾ, ವಿಚಾರಾ ತಲಿಯಾಗ ಇದ್ದಾಗ ಕುಂದರಬಾರದು. ಕುಂತ್ರ ಕೆಳಗ ಇಳಿತೈತಿ" ಎಂದ. ಮುದಕಪ್ಪ ಕೈಮುಗಿದ. ಆ ಕೈಮುಗಿದದ್ದನ್ನು ನೋಡಿ ಈರಬಸಪ್ಪನಿಗೆ ಎಷ್ಟು ನಾಚಿಕೆಯಾಯಿತೆಂದರೆ, ಅಣ್ಣಿಗೇರಿ ದಾಟುವವರೆಗೂ ಕಿಟಕಿಯ ಹೊರಗಿನ ಜೋಳದ ಹೊಲಗಳನ್ನು ಬಿಟ್ಟು ಬೇರೆ ಕಡೆ ಮುಖ ತಿರುಗಿಸಲಿಲ್ಲ.

ಮುದಕಪ್ಪನ ಬಾಯಿಗೆ ಬಿದ್ದ ಸುದ್ದಿ ಊರಿಗೆ ಬಿದ್ದಂತೆಯೇ. ಮರುದಿನ ಹೊತ್ತೇರುವುದರೊಳಗೆ ಅಮೋಘಸಿದ್ದಪ್ಪ ಮಾಸ್ತರರು ಈರಬಸಪ್ಪನ ಮನೆಗೆ ಬಂದರು. ಅವರು ಊರ ಹೈಸ್ಕೂಲಿನ ವಿಜ್ಞಾನದ ಮಾಸ್ತರರು. ಆ ವರ್ಷ, ಅಂದರೆ ಎಂಬತ್ತಾರರಲ್ಲಿ, ಬಾಲಚುಕ್ಕಿ ಬರುತ್ತದೆಂದು ಹೇಳಿ ಊರ ಮಂದಿಯನ್ನೆಲ್ಲ ನಸುಕಿನಲ್ಲಿ ಮಾಳಿಗೆ ಹತ್ತಿಸಿದ್ದರು. ಚುಕ್ಕಿಯೂ ಕಾಣಲಿಲ್ಲ, ಬಾಲವೂ ಕಾಣಲಿಲ್ಲ. ಎಲ್ಲರಿಗೂ ನೆಗಡಿಯಾಯಿತು. ಅಂದಿನಿಂದ ಮಾಸ್ತರರಿಗೆ ಬಾಲದ ಮಾಸ್ತರು ಎಂದು ಹೆಸರು ಬಿದ್ದಿತ್ತು. ವಿಜ್ಞಾನದ ಮಾನ ಉಳಿಸಲು ಒಂದು ದಾರಿ ಸಿಕ್ಕೀತೆಂದು ಅವರು ಆರು ತಿಂಗಳಿಂದ ಕಾಯುತ್ತಿದ್ದರು.

"ಇಂಥಾ ಮನುಷ್ಯಾ ನಮ್ಮೂರಾಗ ಇದ್ದು ನಮಗ ಗೊತ್ತಿರಲಿಲ್ಲ ನೋಡ್ರಿ," ಎಂದರು ಮಾಸ್ತರರು. "ಐತವಾರ ಸಾಲ್ಯಾಗ ಒಂದ ಚರ್ಚಾಕೂಟ ಇಟ್ಟ ಬಿಡೂಣು. ವಿಷಯ, ಜೀವದ ಮೂಲ. ನೀವು ವಿಜ್ಞಾನದ ಕಡಿಯಿಂದ ಮಾತಾಡ್ರಿ."

"ನಾ ಅಷ್ಟ ಓದಿದಾಂವ ಅಲ್ರಿ ಮಾಸ್ತರ," ಎಂದ ಈರಬಸಪ್ಪ.

"ಖರೆ ಓದಿದಾವ್ರು ಹಂಗ ಅಂತಾರ್ರಿ. ದೇವರ ಕಡಿಯಿಂದ ಮಾತಾಡಾಕ ನಿಮ್ಮ ಬೀಗರಿಗೆ ಪತ್ರಾ ಹಾಕೇನಿ."

ಪತ್ರ ಹೋದದ್ದಾಗಿತ್ತು. ನಾಲ್ಕನೆಯ ದಿನ ಉತ್ತರವೂ ಬಂತು. ಶಂಭುಲಿಂಗಪ್ಪನವರು, ನಮ್ಮ ಬೀಗರು ಮೂರು ವರ್ಷದಿಂದ ಮೂಲದ ಅಭ್ಯಾಸ ನಡೆಸಿದ್ದು ಕೇಳಿ ಬಹಳ ಸಂತೋಷವಾಯಿತು, ತಪ್ಪದೆ ಬರುತ್ತೇನೆ ಎಂದು ಬರೆದಿದ್ದರು. ಇನ್ನು ಒಲ್ಲೆನೆಂದರೆ ಯಾಕೆ ಒಲ್ಲೆ ಎಂದು ಹೇಳಬೇಕು. ಯಾಕೆ ಎಂದು ಹೇಳಿದರೆ ಎಲ್ಲವನ್ನೂ ಹೇಳಬೇಕು.

ಕಸ್ತೂರೆವ್ವನಂತೂ ಹೆಮ್ಮೆಯಿಂದ ಉಬ್ಬಿಹೋದಳು. ನೀರಿಗೆ ಹೋದಲ್ಲಿ, "ನಮ್ಮನಿಯಾವ್ರು ಮೂರ ವರ್ಷದಿಂದ ಹತ್ತಿ ರೇಟು ಅಂತ ಹೇಳಿ ಸುಮ್ಮ ಓದಾಕ ಹೋಗತಿದ್ರು. ದೊಡ್ಡಸ್ತಿಕಿ ತೋರಸಬಾರದಂತ ನನಗೂ ಹೇಳಿರಲಿಲ್ಲ. ತಲಿ ಭಾರಾಗಿ ಊಟಕ್ಕ ಕುಂತ್ರೂ ಒಂದ ಬಾಜು ವಾಲಿ ಕುಂದರತಾರ" ಎಂದು ಹೇಳಿಬಂದಳು. ಮನೆಗೆ ಬಂದು ಗಂಡನ ತಲೆಗೆ ಹರಳೆಣ್ಣೆ ತಟ್ಟಿದಳು. ಅವನು ಕಣ್ಣು ಮುಚ್ಚಿಕೊಂಡು ತಟ್ಟಿಸಿಕೊಂಡ.

ಇನ್ನು ಓದುವುದೊಂದು ಬಾಕಿಯಿತ್ತು. ಇಸ್ಮಾಯಿಲಸಾಬನ ಅಂಗಡಿಯ ರದ್ದಿಯಲ್ಲಿ ಹುಡುಕಿದಾಗ ಈರಬಸಪ್ಪನ ಪುಣ್ಯಕ್ಕೆ ಆ ವಿಷಯದ್ದೇ ಒಂದು ಪುಸ್ತಕ ಸಿಕ್ಕಿತು. ಮುಂದಿನ ರಟ್ಟು ಇರಲಿಲ್ಲ. ಒಂಬತ್ತನೆಯ ಪುಟದಿಂದ ಸುರುವಾಗಿ ಅರವತ್ತನಾಲ್ಕಕ್ಕೆ ನಿಂತಿತ್ತು. ವಿಲಾಯತಿಯ ಒಬ್ಬ ಗಡ್ಡದ ಮನುಷ್ಯ ಹಡಗು ಹತ್ತಿ ಹೋಗಿ ಇದನ್ನೆಲ್ಲ ಕಂಡುಹಿಡಿದನೆಂದು ಅದರಲ್ಲಿತ್ತು. ಬೆಚ್ಚಗಿನ ನೀರು, ಅದರಲ್ಲಿ ಕಣ್ಣಿಗೆ ಕಾಣದ ಕಣ, ಕಣದಿಂದ ಮೀನು, ಮೀನಿನಿಂದ ಕಪ್ಪೆ, ಹೀಗೆ ಒಂದೊಂದಾಗಿ ಬಂದು ಅರವತ್ತನಾಲ್ಕನೆಯ ಪುಟದ ಕೊನೆಗೆ ಹೀಗಿತ್ತು: 'ನಾಲ್ಕು ಕಾಲಿನ ಮೇಲೆ ನಡೆಯುತ್ತಿದ್ದ ಪ್ರಾಣಿಯು ಒಂದು ದಿನ ಎದ್ದು ನಿಂತಿತು. ಅದಕ್ಕೆ ಮುಖ್ಯ ಕಾರಣವೇನೆಂದರೆ.' ಅಷ್ಟೇ. ಮುಂದಿನ ಹಾಳೆಗಳಲ್ಲಿ ಊರ ಮಂದಿ ಆಗಲೇ ಮಿರ್ಚಿ ಕಟ್ಟಿಸಿಕೊಂಡು ಹೋಗಿದ್ದರು.

"ಉಳದದ್ದು ಎಲ್ಲೆ ಹೋತೋ ಇಸ್ಮಾಯಿಲಾ?"

"ಹೋದ ಸಂತಿ ದಿನ ಖರ್ಚಾತ್ರಿ. ಹಾಳಿ ಅಗದಿ ಚಲೋ ಇತ್ತು, ಎಣ್ಣಿ ಹೀರತಿತ್ತು."

ಕಾರಣ ತಾನೇ ಯಾರು ಕೇಳುತ್ತಾರೆ ಎಂದುಕೊಂಡು ಈರಬಸಪ್ಪ ಐವತ್ತಾರು ಪುಟಗಳನ್ನು ಗೋಡೆಗೆ ಒರಗಿ ನಿಂತು ಬಾಯಿಪಾಠ ಮಾಡಿದ.

ಶನಿವಾರ ಮಾಸ್ತರರು ಸಭೆಗೆ ಹಾಸಲು ಜಮಖಾನೆ ತರಲು ನವಲಗುಂದಕ್ಕೆ ಹೋಗಬೇಕಾಗಿತ್ತು. ಹೋಗುವ ಮುಂಚೆ ಪಂಚಾಯತಿಯ ವಾಲೀಕಾರ ತಿರಕಪ್ಪನನ್ನು ಕರೆದು, "ಜೀವದ ಮೂಲ, ಅದು ಹೆಂಗ ಹುಟ್ಟತೈತಿ, ಹೆಂಗ ಬೆಳಿತೈತಿ ಅನ್ನೂದನ್ನ ಈರಬಸಪ್ಪನವರು ಹೇಳ್ತಾರ ಅಂತ ಡಂಗರಾ ಹೊಡಿ" ಎಂದರು. ತಿರಕಪ್ಪ ತಲೆಯಾಡಿಸಿದ. ಅವನು ಮೂವತ್ತು ವರ್ಷ ಡಂಗುರ ಸಾರಿದವನು. ಸರಕಾರದ ಮಾತು ಎಷ್ಟೋ ಸಲ ಅರ್ಧಮರ್ಧ ಬರುತ್ತದೆಂದೂ ಅದನ್ನು ಪೂರ್ತಿ ಮಾಡುವುದು ತನ್ನ ಕೆಲಸವೆಂದೂ ತಿಳಿದವನು. ಜೀವದ ಮೂಲ ಎಂಬುದು ಅವನಿಗೆ ಅರ್ಧ ಮಾತಾಗಿ ಕೇಳಿಸಿತು. ಹಲಗೆ ಬಡಿದು ಅದನ್ನು ಪೂರ್ತಿ ಮಾಡಿದ.

"ಕೇಳ್ರಪ್ಪೋ ಕೇಳ್ರಿ. ನಾಳಿ ಐತವಾರ ಸಾಲ್ಯಾಗ ಜೀವಾ ತಿನ್ನೂ ಮೂಲದ ವಿಚಾರ ಐತಿ. ಮೂಲಾ ಹೆಂಗ ಹುಟ್ಟತೈತಿ, ಹೆಂಗ ಬೆಳಿತೈತಿ, ಎಲ್ಲಾ ಬುಡದಿಂದ ಹೇಳ್ತಾರು. ಮೂರ ವರ್ಷ ಹುಬ್ಬಳ್ಳಿಯಾಗ ಕಲತ ಬಂದ ಈರಬಸಪ್ಪನವರು ಹೇಳ್ತಾರು."

ಈರಬಸಪ್ಪ ಆಗ ಹೊಲದಲ್ಲಿದ್ದ. ಕಸ್ತೂರೆವ್ವ ಕೇಳಿದಳು, ಆದರೆ ಗಂಡನ ಹೆಸರು ಕೇಳಿದ ಸಂತೋಷದಲ್ಲಿ ಉಳಿದದ್ದು ಕಿವಿಗೆ ಬೀಳಲಿಲ್ಲ. ಊರಲ್ಲಿ ಬೇರೆ ಕೆಲವರು ಮಾತ್ರ ಅದನ್ನು ಪೂರ್ತಿಯಾಗಿ ಕೇಳಿ, ಕದ ಅರ್ಧ ಮುಂದೆ ಮಾಡಿಕೊಂಡು ಇನ್ನೊಮ್ಮೆ ಕೇಳಿದರು. ಹುಬ್ಬಳ್ಳಿಯ ಆ ಗೋಡೆಯನ್ನು ದೂರದಿಂದ ನೋಡಿ ಒಳಗೆ ಹೋಗಲು ಧೈರ್ಯವಾಗದೆ ತಿರುಗಿ ಬಂದವರು ಅವರಲ್ಲಿ ಇಬ್ಬರಿದ್ದರು. ತಿರಕಪ್ಪ ಉಮೇದಿನಲ್ಲಿ ಬಾಜು ಹಳ್ಳಿಗಳಿಗೂ ಸಾರಿ ಬಂದ.

ಐತವಾರ ಸಂಜೆ ನಾಲ್ಕು ಗಂಟೆಗೆ ಸಾಲೆಯ ದೊಡ್ಡ ಕೋಣೆ ತುಂಬಿಹೋಯಿತು. ಆಚೀಚೆ ಹಳ್ಳಿಗಳಿಂದ ಚಕ್ಕಡಿಗಳಲ್ಲಿ ಮಂದಿ ಬಂದರು, ಚಕ್ಕಡಿಯಲ್ಲೂ ನಿಂತುಕೊಂಡೇ ಬಂದರು. ಮಾಸ್ತರರು ಹಾಸಿದ್ದ ನವಲಗುಂದದ ಜಮಖಾನೆಗಳ ಮೇಲೆ ನವಿಲಿನ ಚಿತ್ರಗಳು ಚೆಂದಾಗಿ ಕಾಣುತ್ತಿದ್ದವು. ಚೆಂದಾಗಿ ಕಾಣಲು ಕಾರಣ, ಅವುಗಳ ಮೇಲೆ ಒಬ್ಬರೂ ಕೂತಿರಲಿಲ್ಲ. ಗೋಡೆಗುಂಟ, ಕಿಟಕಿಗುಂಟ, ಬಾಗಿಲಲ್ಲಿ, ನಡುವೆ, ಎಲ್ಲರೂ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಕುಂದರ್ರಿ, ಕುಂದರ್ರಿ," ಎಂದು ಮಾಸ್ತರರು ಕೈಮುಗಿದು ಹೇಳಿದರು.

"ಇರಲಿ ಬಿಡ್ರಿ," ಎಂದಿತು ಸಭೆ.

ವಿಜ್ಞಾನಕ್ಕೆ ಇಷ್ಟು ಗೌರವ ಎಲ್ಲಿಯೂ ಸಿಕ್ಕಿದ್ದಿಲ್ಲವೆಂದು ಮಾಸ್ತರರು ಇನ್ನೊಮ್ಮೆ ಕೈಮುಗಿದರು. ವೇದಿಕೆಯ ಮೇಲೆ ಎರಡು ಕುರ್ಚಿ ಇಟ್ಟಿದ್ದರು. ಶಂಭುಲಿಂಗಪ್ಪನವರು ತಮ್ಮ ಕುರ್ಚಿಯ ಬೆನ್ನು ಹಿಡಿದು, "ಮಂದಿ ನಿಂತಾಗ ನಾವು ಕುಂದರೂದು ಶೋಭಿಸೂದಿಲ್ಲ" ಎಂದರು. ಈರಬಸಪ್ಪ ಮನಸ್ಸಿನಲ್ಲೇ ಅವರ ಕಾಲಿಗೆ ಬಿದ್ದ.

ಮೊದಲು ಈರಬಸಪ್ಪನ ಸರದಿ. ಅವನು ಕಣ್ಣು ಮುಚ್ಚಿ ಒಂಬತ್ತನೆಯ ಪುಟ ನೆನೆಸಿಕೊಂಡ.

"ಮೊದಲ ಏನೂ ಇರಲಿಲ್ಲ. ಆಮ್ಯಾಲೆ ಒಂದ ಸಣ್ಣ ಕಣಾ ಹುಟ್ಟಿತು. ಕಣ್ಣಿಗೆ ಕಾಣಲಾರದಷ್ಟ ಸಣ್ಣದು."

"ಖರೆ ಐತ್ರಿ," ಎಂದ ಹಿಂದಿನಿಂದ ಒಬ್ಬ. "ಸುರುವಿಗೆ ಗೊತ್ತ ಆಗೂದಿಲ್ಲ."

"ಅದು ಬರಬರ್ತ ದೊಡ್ಡದಾತು."

"ಹೌದ್ರಿ, ಹೌದ್ರಿ," ಎಂದರು ಹತ್ತಿಪ್ಪತ್ತು ಮಂದಿ.

ಶಲವಡಿಯ ಮಂದಿ ಜೀವವಿಕಾಸವನ್ನು ಇಷ್ಟು ಸಲೀಸಾಗಿ ಒಪ್ಪುವರೆಂದು ಮಾಸ್ತರರು ಕನಸಿನಲ್ಲೂ ಎಣಿಸಿರಲಿಲ್ಲ. ಈರಬಸಪ್ಪನಿಗೂ ಧೈರ್ಯ ಬಂತು.

"ಈ ಕೆಲಸಾ ಎಲ್ಲೆ ಆತು ಅಂದ್ರ, ಬೆಚ್ಚನ್ನ ನೀರಾಗ."

ಕೆಂಪು ರುಮಾಲಿನವನೊಬ್ಬ ಕುತ್ತಿಗೆ ಮುಂದೆ ಚಾಚಿದ. "ಬೆಚ್ಚನ್ನ ನೀರಾಗ ಎಷ್ಟೊತ್ತ ಇರಬೇಕ್ರಿ?"

"ಕೋಟಿ ವರ್ಷ."

ಆ ಮನುಷ್ಯ ಬಾಜುದವನ ಕಡೆ ತಿರುಗಿ, "ಅಷ್ಟ ನೀರ ಕಾಸಾಕ ಹತ್ತಿಕಟಿಗಿ ಎಲ್ಲಿಂದ ತರೂದಲೇ?" ಎಂದು ಸಣ್ಣ ದನಿಯಲ್ಲಿ ಕೇಳಿದ. ಬಾಜುದವನೂ ಆ ಚಿಂತೆಯಲ್ಲೇ ಇದ್ದ.

ಮೀನು, ಕಪ್ಪೆ, ಓತಿಕ್ಯಾತ ಎಲ್ಲ ಮುಗಿದವು. ಮಂದಿ ತಾಳ್ಮೆಯಿಂದ ಕೇಳಿದರು. ಔಷಧಕ್ಕೆ ಇವೆಲ್ಲ ಬೇಕಾಗುವಂತಿವೆ ಎಂದು ಇಬ್ಬರು ಬೆರಳು ಮಡಚಿ ಎಣಿಸಿಕೊಂಡರು. ಕೊನೆಗೆ ಪ್ರಾಣಿಯು ಎದ್ದು ನಿಂತಿತು. ಅಲ್ಲಿಗೆ ಈರಬಸಪ್ಪ ಸುಮ್ಮನಾಗಿ ಹಣೆ ಒರೆಸಿಕೊಂಡ.

ಶಂಭುಲಿಂಗಪ್ಪನವರು ಗಂಟಲು ಸರಿಮಾಡಿಕೊಂಡರು. "ಮೂಲಾ ಅನ್ನೂದು ಹೊರಗ ಹುಡಿಕಿದ್ರ ಸಿಗೂದಿಲ್ಲ. ಅದು ಒಳಗ ಐತಿ."

"ಕೆಲವರಿಗೆ ಹೊರಗೂ ಇರತೈತ್ರಿ," ಎಂದಿತು ಬಾಗಿಲ ಕಡೆಯ ಒಂದು ದನಿ.

ಯಾರೋ ನಾಸ್ತಿಕನಿರಬೇಕೆಂದು ಶಂಭುಲಿಂಗಪ್ಪನವರು ದನಿ ಏರಿಸಿದರು. "ಮೂಲವನ್ನ ಕೊಟ್ಟಾಂವ ಶಿವಾ. ಅಂವ ಒಲದು ಕೊಟ್ಟಾನ."

ಸಭೆಯ ತುಂಬ ದೊಡ್ಡದೊಂದು ನಿಟ್ಟುಸಿರು ಎದ್ದಿತು. "ನಮಗ ಯಾಕ ಒಲದ್ನೋ ಏನೋ," ಎಂದ ಕೆಂಪು ರುಮಾಲಿನವನು.

ಪ್ರವಚನದಲ್ಲಿ ಹೀಗೆ ಯಾರಾದರೂ ಎದುರಾಡಿದ್ದು ಶಂಭುಲಿಂಗಪ್ಪನವರಿಗೆ ಗೊತ್ತಿರಲಿಲ್ಲ. ಅವರು ಸಭೆಯನ್ನು ಬಿಟ್ಟು ನೇರ ಬೀಗರ ಕಡೆ ತಿರುಗಿದರು.

"ಬೀಗರ, ಒಂದ ಪ್ರಶ್ನಿ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನಾಕ ಕಾಲ ಮ್ಯಾಲೆ ಆರಾಮ ಇದ್ದ ಪ್ರಾಣಿ, ಅದು ಎದ್ದ ಯಾಕ ನಿಂತಿತು?"

ಐವತ್ತಾರು ಪುಟ ಬಾಯಿಪಾಠ ಮಾಡಿದವನಿಗೆ ಐವತ್ತೇಳನೆಯದನ್ನೇ ಕೇಳಿದರು. ಈರಬಸಪ್ಪ, "ಅದಕ್ಕೆ ಮುಖ್ಯ ಕಾರಣವೇನೆಂದರೆ" ಎಂದ. ಮತ್ತೆ, "ಮುಖ್ಯ ಕಾರಣವೇನೆಂದರೆ" ಎಂದ. ಹಿಂದೆ ನಿಂತ ಇಸ್ಮಾಯಿಲಸಾಬ ಮೆಲ್ಲಗೆ ತಲೆ ಕೆಳಗೆ ಹಾಕಿದ. ಮಾಸ್ತರರು ತುಟಿ ಕಚ್ಚಿಕೊಂಡರು. ಕಿಟಕಿಯಲ್ಲಿ ನಿಂತ ಕಸ್ತೂರೆವ್ವ ಸೆರಗು ಬಾಯಿಗೆ ಹಿಡಿದಳು. ಮೂರನೆಯ ಸಲ ಈರಬಸಪ್ಪನ ಬಾಯಿಯಿಂದ ಕಾರಣ ಎಂಬುದೂ ಪೂರ್ತಿ ಬರಲಿಲ್ಲ.

ಆಗ ಹೆಂಗಸರು ನಿಂತ ಬಾಗಿಲಿಂದ ಒಬ್ಬ ಮುದುಕಿ ಮುಂದೆ ಬಂದಳು. ಮುದಕಪ್ಪನ ತಾಯಿ ಕೆಂಚವ್ವ.

"ತಮ್ಮಾ, ಅದು ಯಾಕರ ನಿಂದರವಲ್ದ್ಯಾಕ, ಬಿಡು," ಎಂದಳು. "ಔಷಧಿ ಯಾವಾಗ ಹೇಳತಿ? ಹೊತ್ತ ಮುಳಗಾಕ ಬಂತು."

"ಯಾವ ಔಷಧಿ ಯವ್ವಾ?"

"ಮೂಲದ್ದು. ಜೀವಾ ತಿನ್ನೂ ಮೂಲದ್ದು ಹೇಳ್ತಾರಂತ ತಿರಕಪ್ಪ ಡಂಗರಾ ಹೊಡದಾನಲ್ಲ. ನನಗ ಹನ್ನೊಂದ ವರ್ಷಾತಪಾ. ರಕ್ತಾ ಹೋಗತೈತಿ. ಗಂಡಾ ಇದ್ದಾಗ ಅವನ ಮುಂದ ಹೇಳಾಕ ಬಾಯಿ ಬರಲಿಲ್ಲ. ಗಂಡಸ ಮಗನ ಮುಂದ ಹ್ಯಾಂಗ ಹೇಳ್ಲಿ? ಸಾಯಾಕ ಹತ್ತೇನಿ ಅಂತ ತಿಳಕೊಂಡ ಸುಮ್ನ ಇದ್ದೆ. ಡಂಗರಾ ಕೇಳಿ ಬಂದೆ."

ಊರಿನ ಎಲ್ಲರ ಮನೆಯ ಸುದ್ದಿ ಗೊತ್ತಿದ್ದ ಮುದಕಪ್ಪ ತಾಯಿಯ ಮುಖವನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. ಉಳಿದ ಗಂಡಸರೆಲ್ಲ ಜಮಖಾನೆಯ ನವಿಲುಗಳನ್ನು ನೋಡತೊಡಗಿದರು. ಇಷ್ಟು ಮಂದಿ ಯಾಕೆ ಬಂದರು, ಯಾಕೆ ಒಬ್ಬರೂ ಕೂಡಲಿಲ್ಲ ಎಂಬುದು ಈರಬಸಪ್ಪನಿಗೆ ಈಗ ತಿಳಿಯಿತು.

ಮಾಸ್ತರರಿಗೂ ತಿಳಿಯಿತು. ಅವರ ಮುಖ ಬಾಲಚುಕ್ಕಿ ಕಾಣದ ದಿನಕ್ಕಿಂತ ಸಣ್ಣದಾಯಿತು. ಈರಬಸಪ್ಪನ ಕಿವಿಯ ಹತ್ತಿರ ಬಂದು, "ಇದು ಬ್ಯಾರೆ ಮೂಲಾ ಯವ್ವಾ, ಅದು ಬ್ಯಾರೆ ಅಂತ ಹೇಳಿ ಮುಗಸ್ರಿ. ಮಾನಾ ಉಳಿತೈತಿ" ಎಂದರು.

ಒಳ್ಳೆಯ ಮಾತು. ಅಷ್ಟು ಹೇಳಿದರೆ ಮುಗಿಯುತ್ತಿತ್ತು. ತಿರಕಪ್ಪನನ್ನು ನಾಲ್ಕು ಮಂದಿ ಬೈಯುತ್ತಿದ್ದರು, ಮಂದಿ ಮನೆಗೆ ಹೋಗುತ್ತಿದ್ದರು, ಬೀಗರು ಊಟ ಮಾಡುತ್ತಿದ್ದರು. ಈರಬಸಪ್ಪ ಹೇಳಲೆಂದು ಬಾಯಿ ತೆರೆದ. ಮುದುಕಿ ಕಂಬಕ್ಕೆ ಕೈ ಕೊಟ್ಟು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ದಿನಾ ಮುಂಜಾನೆ ಗ್ವಾದಲಿಯ ಹತ್ತಿರ ಎತ್ತಿಗೆ ಮೇವು ಹಾಕುವಾಗ ತಾನು ನಿಲ್ಲುವುದೂ ಹಾಗೆಯೇ. ಇದರಿಂದ ಯಾರೂ ಸಾಯುವುದಿಲ್ಲವೆಂದು, ಇದಕ್ಕೆ ಮುಲಾಮು ಇದೆಯೆಂದು, ಅವನಿಗೆ ಮೂರು ವರ್ಷದಿಂದ ಗೊತ್ತಿತ್ತು. ಹಿಂದಿನ ಓಣಿಯಲ್ಲಿ ಈ ಮುದುಕಿ ಸಾಯುತ್ತೇನೆಂದು ಕೂತಿದ್ದಾಗ ತಾನು ಡಬ್ಬಿಯನ್ನು ಬಗಲಲ್ಲಿ ಮುಚ್ಚಿಕೊಂಡು ಓಡಾಡಿದ್ದ. ಇಷ್ಟು ದಿನ ಬೇನೆಗೆ ನಾಚಿದ್ದ, ಸುಳ್ಳಿಗೆ ನಾಚಿದ್ದ. ಈಗ ಬಂದ ನಾಚಿಕೆ ಅವೆರಡಕ್ಕಿಂತ ದೊಡ್ಡದಾಗಿತ್ತು.

"ಯವ್ವಾ, ನೀ ಸಾಯೂದಿಲ್ಲ," ಎಂದ. "ನನಗೂ ಐತಿ. ಮೂರ ವರ್ಷಾತು. ನಾ ಹುಬ್ಬಳ್ಳಿಗೆ ಓದಾಕ ಹೋಗಿಲ್ಲ, ಇದಕ್ಕ ಹೋಗೇನಿ. ಮುದಕಪ್ಪಗ ಸುಳ್ಳ ಹೇಳಿದೆ. ಈಗ ಹೇಳಿದ್ದೆಲ್ಲಾ ಇಸ್ಮಾಯಿಲನ ರದ್ದಿಯಾಗಿನ ಪುಸ್ತಕದ್ದು, ಅದರ ಕಡೀ ಹಾಳಿ ಹರದ ಹೋಗ್ಯಾವು."

ಬೀಗರ ಕಡೆ ನೋಡುವ ಧೈರ್ಯ ಅವನಿಗಾಗಲಿಲ್ಲ. ನೆಲ ನೋಡುತ್ತಲೇ ಗೊತ್ತಿದ್ದದ್ದನ್ನೆಲ್ಲ ಹೇಳಿದ. ಅಗಲವಾದ ಬೋಗಾಣಿಯಲ್ಲಿ ಬೆಚ್ಚನ್ನ ನೀರು ಹಾಕಿ ಕೂಡಬೇಕು, ಕೋಟಿ ವರ್ಷ ಅಲ್ಲ, ಹತ್ತು ಮಿನಿಟು ಸಾಕು. ನೀರು ಬಹಳ ಕುಡಿಯಬೇಕು, ಮಜ್ಜಿಗೆ ಕುಡಿಯಬೇಕು. ರಕ್ತ ಹೋಗುವವರು ಡಾಕ್ಟರಿಗೆ ತೋರಿಸದೆ ಬಿಡಬಾರದು. ಮಿರ್ಚಿ ಬಿಡಬೇಕು. ಇಲ್ಲಿಗೆ ಇಸ್ಮಾಯಿಲಸಾಬ ಎದ್ದು ಹೋದ, ಅಂದರೆ ನಿಂತವನು ಹೊರಗೆ ನಡೆದ. ಡಾಕ್ಟರನ ಸಂದಿ ಎಲ್ಲಿ ಎಂದು ಹೇಳುವಾಗ ಮಾತ್ರ ಸಭೆಯವರು ನವಿಲು ಬಿಟ್ಟು ಅವನ ಮುಖ ನೋಡಿದರು.

ಚಪ್ಪಾಳೆ ಬೀಳಲಿಲ್ಲ. ವಂದನಾರ್ಪಣೆಯೂ ಆಗಲಿಲ್ಲ. ಒಬ್ಬೊಬ್ಬರೇ, ಒಬ್ಬರ ಹಿಂದೊಬ್ಬರು ಹೋದಂತೆ ಕಾಣಬಾರದೆಂದು ಬೇರೆಬೇರೆ ದಾರಿ ಹಿಡಿದು, ಕೆಲವರು ಹೊಲದ ಬದುವಿನಗುಂಟ ಸುತ್ತು ಹಾಕಿ ಮನೆ ಸೇರಿದರು. ಮಾಸ್ತರರು ಹೊಸದರಂತಿದ್ದ ಜಮಖಾನೆಗಳನ್ನು ತಾವೇ ಸುತ್ತಿದರು.

ಮನೆಗೆ ಬಂದೊಡನೆ ಕಸ್ತೂರೆವ್ವ ಒಲೆ ಹೊತ್ತಿಸಿದಳು. ರೊಟ್ಟಿ ಬಡಿಯುವ ಸಪ್ಪಳ ಎಂದಿಗಿಂತ ಜೋರಾಗಿತ್ತು. ಆಮೇಲೆ ಒಲೆಯ ಮುಂದಿನಿಂದಲೇ, "ನನ್ನೊಬ್ಬಾಕಿ ಮುಂದ ಹೇಳಾಕ ನಾಚಿಕಿ ಬಂತು, ಅಷ್ಟ ಮಂದಿ ಮುಂದ ಹೇಳಾಕ ಬರಲಿಲ್ಲೇನು?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಹೊಗೆಯದಲ್ಲ. ಆ ಸಂಜೆ ಈರಬಸಪ್ಪನಿಗೆ ಉತ್ತರ ಹೊಳೆಯದ ಎರಡನೆಯ ಪ್ರಶ್ನೆ ಅದು.

ಶಂಭುಲಿಂಗಪ್ಪನವರು ಪಡಸಾಲೆಯಲ್ಲಿದ್ದರು. ಕಂಬಳಿ ಹಾಸಿ ಊಟಕ್ಕೆ ಏಳಿ ಎಂದರೆ, "ಹಸಿವಿಲ್ರಿ, ಒಂದ ಲೋಟ ಹಾಲ ಸಾಕು" ಎಂದರು. ಆ ಹಾಲನ್ನು ಕಂಬಕ್ಕೆ ಒರಗಿ ನಿಂತು ಕುಡಿದರು. ಬೀಗರ ಮನೆಯಲ್ಲಿ ಊಟ ಒಲ್ಲೆ ಎಂದರೆ ಅದಕ್ಕೆ ಅರ್ಥ ಒಂದೇ, ಸಂಬಂಧ ಮುರಿಯಿತು ಎಂದುಕೊಂಡ ಈರಬಸಪ್ಪ. ಸುಶೀಲವ್ವನ ಮುಖ ಕಣ್ಣಮುಂದೆ ಬಂತು. ಏನಾದರೂ ಹೇಳಬೇಕೆಂದು ಎರಡು ಸಲ ಹತ್ತಿರ ಹೋಗಿ, ಎರಡು ಸಲವೂ ಲೋಟ ತಗೊಂಡು ಹೋಗಲು ಬಂದವನಂತೆ ತಿರುಗಿ ಬಂದ.

"ಮುಂಜಾನೆ ಬಸ್ಸಿಗೆ ಹೊಂಡತೇನಿ," ಎಂದರು ಶಂಭುಲಿಂಗಪ್ಪನವರು. ಸಂಶಿಗೆ ಹೋಗಲು ಹುಬ್ಬಳ್ಳಿಯ ಮೇಲೆಯೇ ಹಾಯಬೇಕು.

ಮುಂಜಾನೆ ಈರಬಸಪ್ಪ ಬೀಗರ ಚೀಲ ಹಿಡಿದುಕೊಂಡು ತಾನೂ ಬಸ್ಸು ಹತ್ತಿದ. ಕೆಂಚವ್ವನಿಗೆ ಆ ಸಂದಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಒಳಗೆ ಹೋಗಿ ನೋಡಿದರೆ ಸೀಟುಗಳೆಲ್ಲ ಖಾಲಿ ಇದ್ದವು, ನಡುವಿನ ದಾರಿ ಮಾತ್ರ ತುಂಬಿತ್ತು. ಕೆಂಪು ರುಮಾಲಿನವನಿದ್ದ. ವಾಲೀಕಾರ ತಿರಕಪ್ಪನಿದ್ದ. ಪಂಚಾಯತಿಯ ಇಬ್ಬರು ಮೆಂಬರರಿದ್ದರು. ಮುದಕಪ್ಪ ತಾಯಿಯ ರಟ್ಟೆ ಹಿಡಿದುಕೊಂಡು ನಿಂತಿದ್ದ, ಅವತ್ತು ದಾರಿಯಲ್ಲಿ ಬಂದ ಒಂದು ಬೋರ್ಡನ್ನೂ ಅವನು ಓದಲಿಲ್ಲ. ಎಲ್ಲರೂ ಮೇಲಿನ ಸರಳು ಹಿಡಿದು, ತಾವು ಒಬ್ಬರೇ ಬಸ್ಸಿನಲ್ಲಿ ಇರುವವರಂತೆ ಹೊರಗೆ ನೋಡುತ್ತಿದ್ದರು.

ಅಣ್ಣಿಗೇರಿಯಲ್ಲಿ ಹೊಸ ಕಂಡಕ್ಟರ ಹತ್ತಿದ. ಅವನು ಖಾಲಿ ಸೀಟುಗಳನ್ನೂ ನಿಂತ ಮಂದಿಯನ್ನೂ ಎರಡೆರಡು ಸಲ ನೋಡಿದ.

"ಇಷ್ಟ ಜಾಗಾ ಐತಿ, ಎಲ್ಲಾರೂ ಎದ್ದ ಯಾಕ ನಿಂತೀರಿ?" ಎಂದ.

ಈರಬಸಪ್ಪ ಬೀಗರ ಕಡೆ ಮೆಲ್ಲಗೆ ನೋಡಿದ. ಮೂರು ಮಂದಿಯ ಸೀಟು ಅವರ ಬಾಜುವಿನಲ್ಲೇ ಖಾಲಿ ಇತ್ತು. ಶಂಭುಲಿಂಗಪ್ಪನವರು ಎರಡೂ ಕೈಯಿಂದ ಸರಳು ಹಿಡಿದು ನಿಂತಿದ್ದರು. ಅವರ ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಕುಂದ್ರಾಕ ಬರದ್ದಕ್ಕ ನಿಂತೀವಪಾ," ಎಂದಳು ಕೆಂಚವ್ವ.

ಕಂಡಕ್ಟರ ಟಿಕೆಟ್ಟು ಹರಿಯತೊಡಗಿದ. ಬಸ್ಸು ಒಂದು ತಗ್ಗಿಗೆ ಇಳಿದು ಏರಿತು. ನಿಂತವರೆಲ್ಲ ಒಟ್ಟಿಗೆ ಹಲ್ಲು ಕಚ್ಚಿದರು. ಶಂಭುಲಿಂಗಪ್ಪನವರು ಬೀಗರ ಕಿವಿಯ ಹತ್ತಿರ ಬಾಗಿದರು.

"ಬೀಗರ, ನಿಮ್ಮ ಪುಸ್ತಕದಾಗ ಹರದ ಹೋದ ಮಾತು," ಎಂದರು ಸಣ್ಣ ದನಿಯಲ್ಲಿ, "ಇದ ಇರಬೇಕ ನೋಡ್ರಿ."